ಮೊದಲು ಹೋಗಿ ಮಲಗಿ ಬಂದವರು

ಒದ್ದೆಯಾದ ಕರಿ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನ್ನ ಸೊಸೆಯಂತೂ ಮೂಗು ಮುಚ್ಚಿಕೊಳ್ಳುತ್ತಾಳೆ. ಹೋದ ತಿಂಗಳು ಕೊಂಕಣದ ಕಡಲ ದಂಡೆಯ ಉದ್ಯಾನವೊಂದರಲ್ಲಿ ಡೇರೆಯ ಬಾಗಿಲಿಗೆ ನನ್ನ ಹಳೆಯ ಕಂಬಳಿ ಹಾಸಿಕೊಂಡು ಕುಳಿತಿದ್ದೆ. ಉಪ್ಪುಗಾಳಿಗೆ ಅದು ತೇವವಾಗಿ ವಾಸನೆ ಬಿಟ್ಟಿತು ನೋಡಿ, ಮರಾಠಿ ಸೀಮೆಯ ಗಡಿಯಲ್ಲಿ ಸಂಖ ಎಂಬ ಊರಿನ ಆಚೆಯ ನಮ್ಮೂರ ಕನ್ನಡ ಶಾಲೆ, ಅದರ ಮುಂದಿನ ಬೇವಿನ ಮರ, ನಮ್ಮ ಮಾಸ್ತರರು... ಎಲ್ಲ ಒಮ್ಮೆಲೇ ಕಣ್ಣ ಮುಂದೆ ಎದ್ದು ಬಂದವು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಏಳನೇ ಇಯತ್ತೆಯಲ್ಲಿದ್ದೆ. ಮಾಸ್ತರರು ನಮಗೆ ಭೂಗೋಳ ಹೇಳುತ್ತಿದ್ದರು. ಚಂದ್ರ ಎಳೆಯುವುದು, ಸಮುದ್ರ ಉಬ್ಬುವುದು, ಇಳಿಯುವುದು, ಎಲ್ಲವನ್ನೂ ಹಲಗೆಯ ಮೇಲೆ ಬರೆದು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಆದರೆ ನಮ್ಮ ಕಡೆ ಮಳೆಗಾಲದಲ್ಲೂ ಹಳ್ಳ ನಾಲ್ಕು ದಿನ ಹರಿದರೆ ಹಬ್ಬ. ಒಂದು ದಿನ ಒಬ್ಬ ಹುಡುಗ ಎದ್ದು ನಿಂತು, ಸಮುದ್ರ ನಮ್ಮೂರ ಕೆರೆಗಿಂತ ದೊಡ್ಡದೇನ್ರಿ ಎಂದು ಕೇಳಿಬಿಟ್ಟ. ಮಾಸ್ತರರು ನಗಲಿಲ್ಲ. "ನಾನೂ ನೋಡಿಲ್ಲೋ ತಮ್ಮಾ" ಎಂದರು.

ಅವತ್ತಿನಿಂದ ಅವರಿಗೆ ಅದೇ ಹುಚ್ಚು ಹಿಡಿಯಿತು. ರತ್ನಾಗಿರಿ ಕಡೆಯ ಊರೊಂದರ ನಗರಪಾಲಿಕೆಗೆ ಮರಾಠಿಯಲ್ಲಿ ಪತ್ರ ಬರೆದರು. ಸಮುದ್ರದ ಬದಿಗೇ ಅವರದೊಂದು ಸಾರ್ವಜನಿಕ ಉದ್ಯಾನವಿತ್ತು. ಶಾಲೆಯ ಮಕ್ಕಳು ಅಲ್ಲಿ ಡೇರೆ ಹಾಕಿಕೊಂಡು ಎರಡು ದಿನ ಇರಬಹುದು ಎಂದು ಉತ್ತರ ಬಂತು. ಸ್ಕೌಟಿನ ಎರಡು ಡೇರೆಗಳು ಶಾಲೆಯ ಕೋಣೆಯಲ್ಲಿ ಇಲಿಗಳಿಗೆ ಮನೆಯಾಗಿದ್ದವು. ಅವನ್ನು ಹೊರಗೆ ತೆಗೆದು, ತೇಪೆ ಹಾಕಿಸಿ, ಶಾಲೆಯ ಅಂಗಳದಲ್ಲಿ ಕಟ್ಟುವುದನ್ನು ಕಲಿಸಿದರು. ಸುಣ್ಣದಿಂದ ಗೆರೆ ಎಳೆದು, ಇದು ಸಮುದ್ರ, ಯಾರೂ ದಾಟಬಾರದು ಎನ್ನುತ್ತಿದ್ದರು. ದಾಟಿದ್ದು ಹೆಡ್‌ಮಾಸ್ತರರ ಕೋಳಿಗಳು ಮಾತ್ರ.

ಹದಿನಾಲ್ಕು ಮಕ್ಕಳ ಹೆಸರು ಬಿದ್ದವು. ಹದಿಮೂರು ಮನೆಗಳಲ್ಲಿ ಒಪ್ಪಿಗೆ ಸಿಕ್ಕಿತು. ಉಳಿದದ್ದು ನನ್ನದೊಂದೇ. ನಮ್ಮಪ್ಪ ಕುರಿ ಕಾಯುವವನು, ವರ್ಷದಲ್ಲಿ ಅರ್ಧ ಅಡವಿಯಲ್ಲೇ ಇರುವವನು. ಹೆದರುವ ಪೈಕಿ ಅಲ್ಲ. ಆದರೂ ಬೇಡ ಎಂದ. ನಾನು ಎರಡು ಹೊತ್ತು ಊಟ ಬಿಟ್ಟೆ, ಮೂರನೆಯ ಹೊತ್ತಿಗೆ ಅವ್ವ ಮಾಡಿದ ಜುಣಕದ ವಾಸನೆಗೆ ಸೋತೆ. ಕೊನೆಗೆ ಮಾಸ್ತರರೇ ನಮ್ಮ ಮನೆಗೆ ಬಂದರು. ಅಪ್ಪ ಕಂಬಳಿ ಹಾಸಿ, "ಕುಂದ್ರಿ ಮಾಸ್ತರ್ರ" ಎಂದ. ಚಹಾ ಮುಗಿಯುವ ತನಕ ಮಳೆ, ಮೇವು, ಎಲ್ಲ ಮಾತಾಡಿ, ಆಮೇಲೆ ಕೇಳಿದ:

"ಆ ಜಾಗಾ ನೀವು ನೋಡೀರೇನ್ರಿ?"

"ಇಲ್ಲ ಕಾಕಾ. ಪತ್ರ ಬಂದದ. ನಕಾಶಿ ಅದ."

"ನಕಾಶ್ಯಾಗ ಗಾಳಿ ಬೀಸತದೇನು? ಹೊಸಾ ಅಡವಿಗಿ ಹಿಂಡ ಹೊಡಿಯೂ ಮೊದ್ಲ ನಮ್ಮಾಗ ಒಬ್ಬಾಂವ ಹೋಗಿ ಒಂದ ರಾತ್ರಿ ಮಲಗಿ ಬರ್ತಾನ್ರಿ. ನೀರ ಎಲ್ಲದ, ತೋಳ ಎಲ್ಲದ, ತಿಳಕೊಂಡ ಬಂದ ಮ್ಯಾಲೆ ಹಿಂಡ. ಕುರಿಗೇ ಇಷ್ಟ ಮಾಡ್ತೀವಿ, ಇವು ಮಕ್ಕಳು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ಓದಿದವರಿಗೆ ನಮ್ಮಪ್ಪ ಕುರಿಯ ಲೆಕ್ಕ ಹೇಳುತ್ತಿದ್ದಾನಲ್ಲ! ಮಾಸ್ತರರು ಮಾತ್ರ ಕಪ್ಪು ಕೆಳಗಿಟ್ಟು, "ಖರೇ ಅದ" ಎಂದರು. ಆ ಶುಕ್ರವಾರ ಸಂಜೆಯೇ ಒಂದು ಡೇರೆ ಹೊತ್ತುಕೊಂಡು ಒಬ್ಬರೇ ಬಸ್ಸು ಹತ್ತಿದರು. ಹೊರಡುವಾಗ ಅಪ್ಪ, ತಗ್ಗು ನೋಡಿ ಡೇರೆ ಹಾಕ್ರಿ, ಗಾಳಿ ಮ್ಯಾಲಿಂದ ಹೋಗತದ ಎಂದು ಬುದ್ಧಿ ಹೇಳಿದ.

ಸೋಮವಾರ ಶಾಲೆಯ ಗಂಟೆ ಹೊಡೆಯಿತು, ಮಾಸ್ತರರು ಬರಲಿಲ್ಲ. ಮಂಗಳವಾರವೂ ಇಲ್ಲ. ಆಗ ನಮ್ಮೂರಲ್ಲಿ ಫೋನು ಎಲ್ಲಿಯದು? ಮಾಸ್ತರರ ಹೆಂಡತಿ ಬಾಗಿಲಲ್ಲಿ ಕುಳಿತವರು ಏಳಲಿಲ್ಲ. ಸಮುದ್ರ ಮನುಷ್ಯರನ್ನು ಎಳೆದುಕೊಳ್ಳುತ್ತದಂತೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಅವರನ್ನು ಕಳಿಸಿದವನು ನಮ್ಮಪ್ಪ, ಕಳಿಸಲು ಕಾರಣ ನನ್ನ ಹಟ. ಅಪ್ಪ ಹಿಂಡನ್ನು ತನ್ನ ತಮ್ಮನ ಕೈಗೆ ಕೊಟ್ಟು, ಶಾಲೆಯ ಮುಂದೆ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಕುಳಿತುಬಿಟ್ಟ.

ಬುಧವಾರ ಮಧ್ಯಾಹ್ನ ಬಂದದ್ದು ಬಸ್ಸಲ್ಲ, ಉಪ್ಪಿನ ಲಾರಿ. ಅದರಿಂದ ಇಳಿದವರ ಮೈಮೇಲೆ ಯಾರದೋ ಖಾಕಿ ಅಂಗಿ, ಇನ್ನೊಬ್ಬರು ಹಿಡಿಸುವಷ್ಟು ದೊಡ್ಡದು. ಮುಖ ಸುಟ್ಟ ಬದನೆಕಾಯಿ. ಕೈಯಲ್ಲಿ ಡೇರೆ ಇಲ್ಲ, ಚೀಲ ಇಲ್ಲ. ಅಪ್ಪ ಎದ್ದು ಹೋಗಿ ಅವರ ಎರಡೂ ತೋಳು ಹಿಡಿದು, ಕುರಿಮರಿ ನೋಡುವ ಹಾಗೆ ಅದುಮಿ ಅದುಮಿ ನೋಡಿದ. ಮಾಸ್ತರರು ನಕ್ಕು ಅಂದರು:

"ನೀರು ಎಲ್ಲೀತನ ಬರತದ ನೋಡಿ ಬಂದೀನಿ, ಕಾಕಾ."

ನಾನು ಅಲ್ಲೇ ಅಳತೊಡಗಿದೆ. ಹೋದ ಜೀವ ತಿರುಗಿ ಬಂದಾಗ ನಗು ಬರಬೇಕಲ್ಲ, ಯಾಕೋ ಅಳು ಬಂತು.

ಆದದ್ದು ಇಷ್ಟು. ಉದ್ಯಾನದಲ್ಲಿ ಗಾಳಿ ಜೋರಾಗಿತ್ತು. ನಮ್ಮಪ್ಪನ ಮಾತು ನೆನೆದು, ಮರಗಳ ಆಚೆ ಉಸುಕಿನಲ್ಲಿ ಒಂದು ಒಳ್ಳೆಯ ತಗ್ಗು ಹುಡುಕಿ ಡೇರೆ ಹಾಕಿದ್ದರು. ನಮ್ಮ ಒಣ ನೆಲಕ್ಕೆ ಸರಿಯಾದ ಬುದ್ಧಿಯೇ ಅದು. ಅವರು ಮಲಗಿದ್ದಾಗ ಉಬ್ಬರ ಬಂತು. ಅವರು ಹೊರಬಿದ್ದರು, ಡೇರೆಯೂ ಚೀಲವೂ ನೀರಿನ ಪಾಲಾದವು. ಉದ್ಯಾನದ ಕಾವಲುಗಾರ ಅಂಗಿ ಕೊಟ್ಟು, ಅನ್ನ ಹಾಕಿದ. ಮರುದಿನವೇ ಹೊರಡಬಹುದಿತ್ತು. ಆದರೆ ಮಾಸ್ತರರು ಇನ್ನೆರಡು ದಿನ ಅಲ್ಲೇ ಉಳಿದು, ಪ್ರತಿ ಉಬ್ಬರಕ್ಕೂ ಉಸುಕಿನಲ್ಲಿ ಕೋಲು ನೆಟ್ಟು, ನೀರು ಏರುವ ಗಡಿಯನ್ನು ಗುರುತು ಮಾಡಿದರು.

"ಪ್ರತಿ ವರ್ಷಾ ಕಲಿಸ್ತೀನಿ, ಚಂದ್ರ ಎಳೀತಾನ ಅಂತ. ಬೆನ್ನಿಗಿ ನೀರ ಹತ್ತಿದ ಮ್ಯಾಲೆ ತಿಳೀತು" ಎಂದರು. ಅಪ್ಪ ತಲೆ ತಗ್ಗಿಸಿ, "ತಗ್ಗು ನೋಡ್ರಿ ಅಂದಾಂವ ನಾನಽ" ಎಂದ. "ಒಂದ ರಾತ್ರಿ ಮೊದ್ಲ ಮಲಗಿ ಬರ್ರಿ ಅಂದಾಂವನೂ ನೀನಽ" ಎಂದರು ಮಾಸ್ತರರು. ಇಲ್ಲದಿದ್ದರೆ ಆ ತಗ್ಗಿನಲ್ಲಿ ಹದಿನಾಲ್ಕು ಮಕ್ಕಳು ಮಲಗಿರುತ್ತಿದ್ದೆವು. ಅಪ್ಪ ಆ ಕ್ಷಣವೇ ಒಪ್ಪಿಗೆಯ ಹಾಳೆ ತರಿಸಿ ಹೆಬ್ಬೆಟ್ಟು ಒತ್ತಿದ. ಹೋದ ಡೇರೆಯ ಬದಲು ನಮ್ಮ ಕಂಬಳಿಗಳನ್ನೂ ಬಿದಿರು ಕೋಲುಗಳನ್ನೂ ಕೊಟ್ಟ.

ಸಂಕ್ರಾಂತಿ ಮುಗಿಸಿಕೊಂಡು ಹೋದೆವು. ಮಾಸ್ತರರು ಎಲ್ಲರಿಗಿಂತ ಮೊದಲು ಇಳಿದು, ತಾವು ಗುರುತಿಸಿದ್ದ ಗಾಳಿಮರಕ್ಕೆ ಕೆಂಪು ಬಟ್ಟೆ ಕಟ್ಟಿದರು. ಡೇರೆಗಳೆಲ್ಲ ಅದರ ಈಚೆಗೆ. ಸಂಜೆ ನೀರು ಏರುತ್ತ ಏರುತ್ತ ಬಂದು, ಮರಕ್ಕೆ ಹತ್ತು ಹೆಜ್ಜೆ ಇರುವಾಗ ನಿಂತು, ಹಿಂದೆ ಸರಿಯಿತು. ಮಾಸ್ತರರು ನಮ್ಮನ್ನು ಮತ್ತೊಮ್ಮೆ ಎಣಿಸಿ, ಹದಿನಾಲ್ಕು ಎಂದು ಜೋರಾಗಿ ಹೇಳಿ, ಉಸುಕಿನ ಮೇಲೆ ಕಾಲು ಚಾಚಿ ಕುಳಿತರು. ಅವರು ಹಾಗೆ ಹಗುರಾಗಿ ಕುಳಿತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಮುಂದೆ ಅವರಿಗೆ ಬೇರೆ ಕಡೆ ಬದಲಿಯಾಯಿತು. ನನಗೆ ಮದುವೆಯಾಯಿತು, ಮಕ್ಕಳು ಮರಿ... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳ ಮೇಲೆ. ಒಮ್ಮೆಯಾದರೂ ಹೋಗಿ ನೋಡಿ ಬರಬೇಕಿತ್ತು. ಆ ಕೊರಗು ಈಗಲೂ ಇದೆ. ಯಾವ ಜಾಗಕ್ಕೂ ಮೊದಲು ಹೋಗುವುದು ಅವರ ಪದ್ಧತಿ. ಆದರೆ ಈ ಸಲ ಹೋದವರು ತಿರುಗಿ ಬಂದು ಏನೂ ಹೇಳಲಿಲ್ಲ.

ಹೋದ ತಿಂಗಳು ಮೊಮ್ಮಕ್ಕಳೆಲ್ಲ ಸೇರಿ ಸಮುದ್ರಕ್ಕೆ ಹೊರಟಾಗ ಮಗ, ಎಲ್ಲಾ ಫೋಟೋದಾಗ ಅದ ಅವ್ವಾ, ಮೊದ್ಲ ಯಾಕ ಹೋಗ್ತಿ ಎಂದ. ನಾನು ಕೇಳಲಿಲ್ಲ. ಒಂದು ದಿನ ಮುಂಚೆ ಇಲ್ಲಿಗೆ ಬಂದು, ಡೇರೆ ಹಾಕಿ, ಉಬ್ಬರ ನೋಡಿ ಮಲಗಿ, ಬೆಳಿಗ್ಗೆ ಎದ್ದು ಒಂದು ಗಾಳಿಮರಕ್ಕೆ ಕೆಂಪು ಬಟ್ಟೆ ಕಟ್ಟಿದೆ. ಆಮೇಲೆ ಅವನಿಗೆ ಫೋನು ಹಚ್ಚಿದೆ.

"ಮಕ್ಕಳನ್ನ ಕರಕೊಂಡ ಬರ್ರಿ. ನೀರು ಎಲ್ಲೀತನ ಬರತದ ನೋಡೀನಿ."