ಬಿಲ್ಲೆಯಿಲ್ಲದ ಮೊಳೆ

ಚಿನ್ನದ ಜೊತೆಗೆ ತಾಮ್ರ, ಸೀಸಗಳನ್ನೂ ತೆಗೆಯುತ್ತಿದ್ದ ಆ ಗಣಿ ಪೂರ್ವಘಟ್ಟದ ಕಾಡಿನೊಳಗಿತ್ತು. ಅದರ ಬಾಯಿಯ ಪಕ್ಕದ ಕೊಠಡಿಯಲ್ಲಿ ಸಾಲಾಗಿ ಮೊಳೆ ಹೊಡೆದ ಹಲಗೆಯೊಂದಿತ್ತು. ಕೆಳಗಿಳಿಯುವವನು ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಜೇಬಿಗಿಡಬೇಕು. ಮೇಲೆ ಬಂದಾಗ ಮರಳಿ ತೂಗುಹಾಕಬೇಕು. ಮೊಳೆ ಖಾಲಿಯಿದ್ದರೆ ಮನುಷ್ಯ ಒಳಗಿದ್ದಾನೆಂದೇ ಲೆಕ್ಕ.

ನನ್ನ ಅಕ್ಕನ ಗಂಡ ಅಲ್ಲಿ ಪಾಳಿಯ ಮೇಲ್ವಿಚಾರಕರಾಗಿದ್ದರು. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಸುರಂಗಕ್ಕೆ ನೀರು ನುಗ್ಗಿತು. ಉಳಿದವರೆಲ್ಲ ಮೇಲೆ ಬಂದರು, ಭಾವ ಬರಲಿಲ್ಲ. ದೇಹವೂ ಸಿಗಲಿಲ್ಲ, ಬಿಲ್ಲೆಯೂ ಸಿಗಲಿಲ್ಲ. ಬಳಿಕ ಗಣಿಯನ್ನೇ ಮುಚ್ಚಿದರು.

ಧಾರವಾಡದಿಂದ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋಗಿದ್ದ ಅಕ್ಕ ಕುಂಕುಮ ಇಡುವುದನ್ನು ಬಿಡಲಿಲ್ಲ. ತೊಂಬತ್ತರ ದಶಕದ ಆರಂಭದ ಒಂದು ಮಹಾಲಯಕ್ಕೆ ಮುಂಚೆ ಅವಳ ಮೈದುನ, ಅಣ್ಣನಿಗೆ ಈ ಸಲವಾದರೂ ಪಿಂಡವಿಡಲೇಬೇಕೆಂದು ಪಟ್ಟು ಹಿಡಿದರು. ವರ್ಷ ಯಾವುದೆಂಬುದರಲ್ಲಿ ನನಗೂ ನನ್ನ ಹೆಂಡತಿಗೂ ಇಂದಿಗೂ ಒಮ್ಮತವಿಲ್ಲ. ನಾವು ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಮನೆ ಬದಲಾಯಿಸಿದ ಮೇಲಿನದು ಎಂಬಷ್ಟು ಮಾತ್ರ ಖಚಿತ. ತಿಥಿ ತಿಳಿಯದವರಿಗೆ ಅಮಾವಾಸ್ಯೆ ಇದ್ದೇ ಇದೆಯೆಂದು ಪುರೋಹಿತರು ಹೇಳಿದ್ದರು. ಅಕ್ಕ ಒಪ್ಪಲಿಲ್ಲ.

"ತಿಥಿ ಗೊತ್ತಿಲ್ಲದವರ ಸಾಲಿನಾಗ ಅವರನ್ನ ಕೂಡಸಬ್ಯಾಡ್ರಿ. ಅವರು ಹೋದ ದಿನಾ ನನ್ನ ತಮ್ಮ ಹುಡುಕಿಕೊಡ್ಲಿ, ಅವತ್ತೇ ಕುಂಕುಮಾ ಅಳಸ್ತೀನಿ."

ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ತಿಥಿ, ವಾರ, ಸಂವತ್ಸರ ಮೂರೂ ಹೊಂದದ ಹೊರತು ಯಾವ ತಾರೀಖನ್ನೂ ಒಪ್ಪುತ್ತಿರಲಿಲ್ಲ. ಮೈದುನ ಫೋನಿನಲ್ಲಿ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೆಣಕಿದರು: "ಏಮಂಡೀ ಬಾವಗಾರೂ, ಸಾವಿರ ವರ್ಷದ ಹಿಂದಿನ ರಾಜ ಎಂದು ಸತ್ತ ಅಂತ ಕಲ್ಲು ನೋಡಿ ಹೇಳ್ತೀರಿ. ಮೊನ್ನೆ ಹೋದ ನಮ್ಮ ಅಣ್ಣಯ್ಯಂದು ಹೇಳೋಕೆ ಅಷ್ಟು ಕಷ್ಟವಾ?"

ಗಣಿಯವರು ಕೊಟ್ಟ ತಾರೀಖು ಪಂಚಾಂಗದಲ್ಲಿ ನವಮಿ, ಸೋಮವಾರ. ನೀರು ನುಗ್ಗಿದೊಡನೆ ಸಾವು ಸಂಭವಿಸಿತೆಂದು ಅವರ ಹೇಳಿಕೆ; ದೇಹ ಸಿಗದಿದ್ದರಿಂದ ಮನೆಯವರು ಅದನ್ನು ಒಪ್ಪಿರಲಿಲ್ಲ. ಅಂದು ಸಂಜೆಗೇ ನೀರೆತ್ತುವ ಪಂಪುಗಳನ್ನು ನಿಲ್ಲಿಸಿದ್ದರು. ಭಾವನೊಡನೆ ದುಡಿದ ಒಬ್ಬರು ನಮ್ಮೂರ ಅಂಚಿನ ಮಧುರವಾಡದಲ್ಲಿ ನೆಲೆಸಿದ್ದಾರೆಂದು ತಿಳಿದು ಅವರನ್ನು ಕಂಡೆ. ಅವರು ಬಾಗಿಲನ್ನು ಮುಂದೆ ಮಾಡಿಕೊಂಡು ಹೇಳಿದರು: "ಗಾಳಿ ಕೊಳವೆ ಮೇಲೆ ಒಳಗಿಂದ ಬಡಿತ ಕೇಳಿಸ್ತು ಸಾರ್. ನೀರು ನುಗ್ಗಿದ ಮಾರನೇ ದಿನ. ಬೆಟ್ಟದ ಕೆಳಗೆ ಸಂತೆ ನಡೀತಿತ್ತು. ಆಮೇಲೆ ನಮ್ಮನ್ನೆಲ್ಲ ಅಲ್ಲಿಂದ ಕಳಿಸಿಬಿಟ್ಟರು."

ಸಂತೆಯ ವಾರವನ್ನು ಬೇರೆಯವರಲ್ಲೂ ವಿಚಾರಿಸಿದೆ. ಮಂಗಳವಾರ. ಪಂಚಾಂಗದಲ್ಲಿ ದಶಮಿ. ಎಲ್ಲವೂ ಹೊಂದಿತು, ಹಾಗೆ ಹೊಂದಿದ್ದೇ ನನ್ನನ್ನು ಹೆದರಿಸಿತು.

ನಾನು ವಿಜಯವಾಡ ತಲುಪಿದಾಗ ಅಕ್ಕ ಹಿತ್ತಿಲ ಕಟ್ಟೆಯ ಮೇಲೆ ಗೋಂಗೂರ ಸೊಪ್ಪು ಬಿಡಿಸುತ್ತಿದ್ದಳು. ಏನನ್ನೂ ಮುಚ್ಚಿಡದೆ ಹೇಳಿದೆ.

"ಬಡಿದವರು ಅವರೇ ಏನು?" ಎಂದಳು.

"ಒಳಗ ಉಳಿದವರು ಅವರೊಬ್ಬರೇ, ಅಕ್ಕ."

"ಪಂಪು?"

"ಹಿಂದಿನ ದಿನಾ ಸಂಜೀಕೇ ನಿಂತಿತ್ತು."

ಮೈದುನ ಬಾಗಿಲಲ್ಲಿ ನಿಂತು ಅತ್ತಿಗೆಗೆ ಹೇಳಿದರು: "ಹಾಗಾದರೆ ದಶಮಿ. ವದಿನಾ, ಪುರೋಹಿತರಿಗೆ ಹೇಳಿಬಿಡ್ತೀನಿ."

ಅಕ್ಕ ಅವರತ್ತ ನೋಡಲಿಲ್ಲ. "ತಮ್ಮಾ, ಏಕಾದಶಿ ದಿನಾ ಅವರು ಜೀವಂತ ಇರಲಿಲ್ಲಂತ ನೀ ಬರೆದು ಕೊಡ್ತೀಯೇನು?"

ದಶಮಿ ಬಡಿತ ಕೇಳಿಸಿದ ದಿನ, ಸಾವಿನ ದಿನವಲ್ಲ. ರಾಜನೊಬ್ಬನ ಹೆಸರು ಒಂದು ಶಾಸನದಲ್ಲಿ ಕೊನೆಯ ಬಾರಿಗೆ ಕಂಡಿತೆಂದು ಅವನು ಅಂದೇ ತೀರಿಕೊಂಡನೆಂದು ನಾನೆಂದೂ ಬರೆದವನಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ದಶಮಿ ಅಂತ ಒಂದೇ ಒಂದು ಮಾತು ಅಂದುಬಿಡಿ ಬಾವಗಾರೂ," ಎಂದು ಮೈದುನ ಬೇಡಿಕೊಂಡರು. "ನೀವು ಅಂದರೆ ಅವರು ನಂಬ್ತಾರೆ."

ನಂಬುತ್ತಾಳೆಂಬುದು ನನಗೂ ಗೊತ್ತಿತ್ತು. ಆದ್ದರಿಂದಲೇ ದಶಮಿ ಎನ್ನಲಿಲ್ಲ. ಮೈದುನ ಅಂದು ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅಕ್ಕ ಕನ್ನಡಿಯ ಮುಂದೆ ಕುಂಕುಮದ ಭರಣಿ ತೆರೆದಿದ್ದಳು. ಬೆರಳು ಅದ್ದಿ, ಹಾಗೆಯೇ ತಡೆದಳು.

"ಗಾಳಿ ಕೊಳವಿ ಅಂದೆಲ್ಲಾ. ಪಂಪು ನಿಂತ ಮ್ಯಾಲೂ ಅದರಾಗ ಗಾಳಿ ಬರ್ತಿತ್ತೇನೋ?"

"ಗೊತ್ತಿಲ್ಲ, ಅಕ್ಕ."

ಅವಳು ಕುಂಕುಮ ಇಟ್ಟುಕೊಂಡಳು.