ಒನ್ಸ್ ಮೋರ್ ಬೀಳದ ಸಾವು

ಹೊಸಹಳ್ಳಿಯ ಉಗ್ರಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ಆದರೆ ಯಾರಾದರೂ ಕೇಳಿದರೆ ತಾನು ರಾಜಾಪಾರ್ಟಿನವನು ಎಂದೇ ಹೇಳಿಕೊಳ್ಳುತ್ತಿದ್ದ. ಪ್ರತಿ ರಾಜ್ಯೋತ್ಸವಕ್ಕೂ ಕಾರ್ಮಿಕರು ಆಡುವ ಪೌರಾಣಿಕ ನಾಟಕದಲ್ಲಿ ಕಿರೀಟ ಅವನ ತಲೆಗೇ. ಸಾಯುವುದರಲ್ಲಂತೂ ಅವನನ್ನು ಮೀರಿಸುವವರಿರಲಿಲ್ಲ. ಯುದ್ಧದಲ್ಲಿ ಬಿದ್ದು, ಹಾರ್ಮೋನಿಯಂ ಜೊತೆ ಹಾಡಿ ಪ್ರಾಣ ಬಿಟ್ಟನೆಂದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಸತ್ತ ರಾಜ ಎದ್ದು, ಧೂಳು ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ. ಹೆಂಡತಿ ನರಸಮ್ಮ ಮುಂದಿನ ಸಾಲಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು.

ಎಂಬತ್ನಾಲ್ಕರಲ್ಲಿ ಯೂನಿಯನ್ನಿನವರು ಹಠ ಹಿಡಿದು ಹೊಸ ನಾಟಕ ತಂದರು. ಮಿಲ್ ಮುಚ್ಚಿ ಕೆಲಸ ಕಳೆದುಕೊಂಡವನೊಬ್ಬ, ಮನೆಯಲ್ಲಿ ಹೇಳಲಾರದೆ, ದಿನಾ ಊಟದ ಡಬ್ಬಿ ಹಿಡಿದು ಹೊರಟು ಪಾರ್ಕಿನಲ್ಲಿ ಕೂರುತ್ತಾನೆ. ಕೊನೆಗೆ ಅಲ್ಲೇ ಬೆಂಚಿನ ಮೇಲೆ ಸಾಯುತ್ತಾನೆ. ಕಿರೀಟವಿಲ್ಲ, ಹಾಡಿಲ್ಲ. ವೇಷವೆಂದರೆ ಉಗ್ರಪ್ಪನದೇ ಖಾಕಿ ಅಂಗಿ, ಅವನದೇ ಡಬ್ಬಿ. ‘ಇದ್ಯಾವ ಸೀಮೆ ನಾಟಕ’ ಎಂದು ಗೊಣಗಿದರೂ ಒಪ್ಪಿಕೊಂಡ. ಬೇಡವೆಂದರೆ ಮುಂದಿನ ವರ್ಷದ ಕಿರೀಟ ಕಾರ್ಖಾನೆಯ ಪೇಂಟ್ ಶಾಪಿನ ಸೇತುರಾಮನ ಪಾಲು. ಒಪ್ಪಿಯೂ ಒನ್ಸ್ ಮೋರ್ ಬೀಳದಿದ್ದರೆ ಆಗಲೂ ಅವನ ಪಾಲೇ. ಅದಕ್ಕೆ ಪಕ್ಕದ ಮೆಷಿನ್ನಿನ ನಂಜುಂಡಪ್ಪನಿಗೆ ಬೋಂಡಾ ಕಾಫಿ ಕೊಡಿಸಿ, ‘ನಾನು ಸತ್ತ ತಕ್ಷಣ ನೀನು ಕೂಗ್ಬೇಕು ಕಣೋ’ ಎಂದು ಗೊತ್ತುಮಾಡಿಕೊಂಡ.

ರಾಜ್ಯೋತ್ಸವದ ಸಂಜೆ ಶಾಮಿಯಾನ ತುಂಬಿತ್ತು. ಮುಚ್ಚಳ ತೆಗೆಯದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಂಚಿಗೆ ಒರಗಿ ಉಗ್ರಪ್ಪ ಸತ್ತ. ಸತ್ತು ಕಿವಿ ನಿಮಿರಿಸಿಕೊಂಡ. ಒಬ್ಬರೂ ಕೂಗಲಿಲ್ಲ. ಏಳಲು ಸುಲಭವಾಗಲೆಂದು ಮೆಲ್ಲಗೆ ಕಾಲು ಸರಿಮಾಡಿಕೊಂಡ. ಯಾರೋ ಮೂಗೆಳೆದುಕೊಂಡದ್ದಷ್ಟೇ ಕೇಳಿಸಿತು. ಪರದೆ ಬಿತ್ತು. ಅವಮಾನದಿಂದ ಅವನಿಗೆ ನಿಜವಾಗಿಯೂ ಸತ್ತಂತಾಯಿತು.

ನೇರ ಹೋಗಿ ನಂಜುಂಡಪ್ಪನನ್ನು ಹಿಡಿದ. ‘ಬೋಂಡಾ ತಿಂದ ಬಾಯಿಗೆ ಏನಾಗಿತ್ತೋ?’

ನಂಜುಂಡಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ‘ರಾಜ ಸತ್ರೆ ಕೂಗ್ಬೋದು ಅಣ್ಣ, ಎದ್ದು ಹಾಡ್ತಾನೆ. ಪಾಪ, ಈ ಮನುಷ್ಯ ಇನ್ನೊಂದ್ಸಲ ಸಾಯ್ಲಿ ಅಂತ ಹೆಂಗೆ ಕೂಗ್ಲಿ?’

ಉಗ್ರಪ್ಪನಿಗೆ ಸಮಾಧಾನವಾಗಲಿಲ್ಲ. ಬೋಂಡಾನೂ ದಂಡ, ಕಿರೀಟವೂ ಹೋಯಿತು ಎಂದುಕೊಳ್ಳುತ್ತಲೇ ಮನೆಗೆ ನಡೆದ. ಪಕ್ಕದಲ್ಲಿ ನಡೆಯುತ್ತಿದ್ದ ನರಸಮ್ಮ ಕಡಲೆಕಾಯಿ ಪೊಟ್ಟಣವನ್ನು ಬಿಚ್ಚದೆ ಹಾಗೇ ಹಿಡಿದುಕೊಂಡಿದ್ದಳು.

ಬೆಳಗ್ಗೆ ಊಟದ ಡಬ್ಬಿ ಕೊಟ್ಟವಳು ಅದರ ಹಿಡಿ ಬಿಡಲಿಲ್ಲ. ‘ರೀ, ಫ್ಯಾಕ್ಟ್ರಿಗೇ ತಾನೇ ಹೋಗ್ತಿರೋದು?’

ಉಗ್ರಪ್ಪನಿಗೆ ನಗು ಬಂತು. ಅವಳ ಮುಖ ನೋಡಿದ, ನಗು ಅಲ್ಲೇ ನಿಂತಿತು. ರಾಜನಾಗಿ ಅಷ್ಟು ವರ್ಷ ಸತ್ತಿದ್ದರೂ ಅವಳ ಕಣ್ಣು ಹೀಗೆ ಊದಿದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಕಿರೀಟದ ಚಿಂತೆ ಎಲ್ಲಿ ಹೋಯಿತೋ.

‘ಫ್ಯಾಕ್ಟ್ರಿಗೇ ಕಣೇ. ನಂಬಿಕೆ ಇಲ್ದಿದ್ರೆ ಗೇಟ್‌ವರ್ಗೂ ಬಾ.’

ನರಸಮ್ಮ ಚಪ್ಪಲಿ ಮೆಟ್ಟಿಕೊಂಡಳು.