ಬೆಲ್ಲ ಕೊಡಬಾರದು

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಆಮೇಲೆ ಮಾತು. ನಮ್ಮ ಮನೆಯಲ್ಲಿ ಎರಡು ವರ್ಷ ಆ ಕ್ರಮ ನಿಂತುಹೋಗಿತ್ತು. ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದೆ. ಮಗಳ ಕಣ್ಣೆದುರು ಬೆಲ್ಲದ ಬಟ್ಟಲು ತರಲು ನನಗೆ ಮನಸ್ಸಾಗುತ್ತಿರಲಿಲ್ಲ.

ಅವಳಿಗೆ ಆರು ವರ್ಷವಾದಾಗ ಸಕ್ಕರೆ ಕಾಯಿಲೆ ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಅಷ್ಟು ಚಿಕ್ಕ ಮಕ್ಕಳಿಗೂ ಅದು ಬರುತ್ತದೆಂದು ನಮ್ಮೂರು ಅಗಲ್ಪಾಡಿಯಲ್ಲಿ ಯಾರೂ ಕೇಳಿರಲಿಲ್ಲ.

"ಅದು ಧಣಿಗಳಿಗೆ ಬರುವ ಸೀಕು ಅಲ್ವಾ? ನಮ್ಮ ಮಗುವಿಗೆ ಎಂತಕ್ಕೆ ಬಂತು ಮಾರಾಯ್ತಿ?" ಎಂದು ಅತ್ತೆ ನನ್ನನ್ನೇ ಕೇಳಿದರು.

ನನ್ನ ಗಂಡನಿಗೆ ಬದಿಯಡ್ಕದಲ್ಲಿ ಹೊಲಿಗೆ ಅಂಗಡಿ. ದಿನವಿಡೀ ಸೂಜಿ ಹಿಡಿಯುವವರು, ಆದರೆ ಮಗಳ ತೊಡೆಗೆ ಚುಚ್ಚಲು ಅವರ ಕೈ ಏಳಲಿಲ್ಲ. ನಾನೇ ಕಲಿತೆ. ಮಣ್ಣಿನ ಕುಡಿಕೆಗೆ ಹೊಳೆಯ ಹೊಯಿಗೆ ತುಂಬಿ, ಒದ್ದೆ ಮಾಡಿ, ಇನ್ಸುಲಿನ್ ಮದ್ದಿನ ಸಣ್ಣ ಬಾಟ್ಲಿಯನ್ನು ಅದರಲ್ಲಿ ತಂಪಾಗಿ ಹೂತಿಡುತ್ತಿದ್ದೆ. ಬೆಳಿಗ್ಗೆ ಅವಳ ಮೂತ್ರವನ್ನು ಡಾಕ್ಟರು ಕೊಟ್ಟ ನೀಲಿ ನೀರಿಗೆ ಹಾಕಿ ಬಿಸಿ ಮಾಡಿದರೆ ಬಣ್ಣ ಬದಲಾಗುತ್ತಿತ್ತು. ನೀಲಿಯಾಗಿಯೇ ಉಳಿದರೆ ಒಳ್ಳೆಯ ದಿನ. ಮುರಕಲ್ಲಿನ ಹಾಗೆ ಕೆಂಪಾದರೆ ಮದ್ದು ಸ್ವಲ್ಪ ಹೆಚ್ಚು. ಗಾಜಿನ ಸಿರಿಂಜನ್ನು ಕುದಿಸಿ ಒಂದು ಚುಚ್ಚು ಬೆಳಿಗ್ಗೆ, ಒಂದು ಮಧ್ಯಾಹ್ನ.

ಮಧ್ಯಾಹ್ನದ್ದಕ್ಕೆ ಶಾಲೆಗೆ ಹೋಗುತ್ತಿದ್ದೆ. ಗದ್ದೆಯ ಬದುವಿನಲ್ಲಿ ನಡೆದರೆ ಹೆಚ್ಚು ದೂರವಿಲ್ಲ. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಸಿರಿಂಜಿನ ಡಬ್ಬಿ. ನಾನು ಬರುವುದು ಕಂಡರೆ ಮಕ್ಕಳು, "ಸೂಜಿಯಮ್ಮ ಬಂದ್ರು! ಓಡಿ, ಇಲ್ಲದಿದ್ರೆ ನಿಮಗೂ ಉಂಟು!" ಎಂದು ಬೊಬ್ಬೆ ಹಾಕುತ್ತಿದ್ದವು. ನನ್ನ ಮಗಳು ಮಾತ್ರ ಜಗಲಿಯ ಮೂಲೆಯಲ್ಲಿ ಲಂಗ ಸರಿಸಿ ಕುಳಿತಿರುತ್ತಿದ್ದಳು. "ಬೇಗ ಹಾಕಿ ಅಮ್ಮ, ನನಗೆ ಆಟಕ್ಕೆ ಹೋಗ್ಲಿಕ್ಕುಂಟು" ಎನ್ನುವಳು.

ಡಾಕ್ಟರು ಹೇಳಿದ್ದು ಎರಡು ಮಾತು. ಒಂದು, ಸಿಹಿ ಕೊಡಬಾರದು. ಇನ್ನೊಂದು, ಚುಚ್ಚಿದ ಮೇಲೆ ಊಟ ಕಡಿಮೆಯಾಗಿ ಮಗು ಬೆವರಿ ನಡುಗಿದರೆ, ಆ ಹೊತ್ತಿಗೆ ಬೆಲ್ಲವೇ ಮದ್ದು, ಕೂಡಲೇ ತಿನ್ನಿಸಬೇಕು.

ನಾನು ಐದನೇ ಕ್ಲಾಸಿನವರೆಗೆ ಕಲಿತವಳು. ಮಗಳ ಮಾಸ್ಟ್ರಿಗೆ ಕೊಡಲು ಅರ್ಧ ಹಾಳೆಯಲ್ಲಿ ಒಂದು ಕಾಗದ ಬರೆದೆ. "ಇವಳಿಗೆ ಯಾರೂ ಬೆಲ್ಲ, ಸಕ್ಕರೆ, ಪ್ರಸಾದ ಎಂದು ಸಿಹಿ ಕೊಡಬಾರದು" ಎಂದು ಬರೆದು ಪೆನ್ಸಿಲು ಕೆಳಗಿಟ್ಟೆ. ಎರಡನೆಯ ಮಾತನ್ನು ಬರೆಯಲಿಲ್ಲ, ಮರೆತು ಬಿಟ್ಟದ್ದಲ್ಲ. ನಮ್ಮ ಜನರ ಮನಸ್ಸು ನನಗೆ ಗೊತ್ತಿತ್ತು. ಬೆಲ್ಲ ಕೊಡಬಹುದು ಎಂದು ಒಂದು ಕಡೆ ಬರೆದರೆ, ಪಾಪ ಮಗು ಎಂದು ದಿನಾ ಯಾರಾದರೂ ಕೊಟ್ಟಾರು. ಬಾಳೆ ಎಲೆಯಲ್ಲಿ ಒಂದು ಬೆಲ್ಲದ ತುಂಡು ಸುತ್ತಿ ಅವಳ ಚೀಲದಲ್ಲಿಟ್ಟೆ. "ನಡುಕ ಬಂದ್ರೆ ಮಾತ್ರ. ಯಾರಿಗೂ ತೋರಿಸ್ಬೇಡ" ಎಂದೆ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ಚುಚ್ಚಿಸಿಕೊಂಡ ಮೇಲೆ, ಮಗ್ಗಿ ಒಪ್ಪಿಸಲಿಕ್ಕಿದೆ ಎಂದು ಅರ್ಧ ಗಂಜಿ ಬಿಟ್ಟು ಓಡಿದಳು. ನಾನು ಕರೆದೆ, ನಿಲ್ಲಲಿಲ್ಲ. ನಾನೂ ಹಿಂದೆ ಹೋಗಲಿಲ್ಲ. ಒಲೆಯ ಮೇಲೆ ಹಾಲಿತ್ತು.

ಆಮೇಲೆ ನಡೆದದ್ದನ್ನು ಮಕ್ಕಳ ಬಾಯಿಂದ ಕೇಳಿದೆ. ಹದಿಮೂರರ ಮಗ್ಗಿ ಅವಳಿಗೆ ನೀರು ಕುಡಿದ ಹಾಗೆ ಬರುತ್ತಿತ್ತು. ಅಂದು ನಡುವೆ ತಪ್ಪಿತಂತೆ. ಕ್ಲಾಸು ನಕ್ಕಿತಂತೆ. ಅವಳು ಕುಳಿತು ಚೀಲಕ್ಕೆ ಕೈ ಹಾಕಿದಳು. ಪಕ್ಕದ ಹುಡುಗಿ ಎದ್ದು, "ಮಾಸ್ಟ್ರೇ, ಇವಳು ಕದ್ದು ಬೆಲ್ಲ ತಿಂತಾಳೆ!" ಎಂದು ಕೂಗಿದಳು. ಮಾಸ್ಟ್ರಿಗೆ ನನ್ನ ಕಾಗದ ನೆನಪಿತ್ತು. ಬೈಯಲಿಲ್ಲ. ಬೆಲ್ಲವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಮೇಜಿನ ಡ್ರಾಯರಿನಲ್ಲಿಟ್ಟರು. "ಅಮ್ಮ ಹೇಳಿದ್ದು" ಎಂದಳಂತೆ. ಎಲ್ಲ ಮಕ್ಕಳೂ ಹಾಗೆಯೇ ಹೇಳುವುದಲ್ಲವೇ. ಆಮೇಲೆ ಅವಳು ಡೆಸ್ಕಿನ ಮೇಲೆ ತಲೆ ಇಟ್ಟಳು. ಮುನಿಸಿಕೊಂಡಿದ್ದಾಳೆ ಎಂದು ಅವರು ಸುಮ್ಮನಾದರು.

ಮಧ್ಯಾಹ್ನ ನಾನು ಹೋಗುವಾಗ ಅವಳು ಬೆಂಚಿನ ಮೇಲೆ ಮಲಗಿದ್ದಳು. ರವಿಕೆ ಬೆವರಿನಿಂದ ಒದ್ದೆ. ಕರೆದರೆ ಓಗೊಡಲಿಲ್ಲ. "ಬೆಲ್ಲ ಎಲ್ಲುಂಟು?" ಎಂದು ಕಿರುಚಿದೆ. ಮಾಸ್ಟ್ರು ಡ್ರಾಯರು ಎಳೆದರು. ಅದು ನನ್ನ ಕಾಗದದ ಮೇಲೆಯೇ ಇತ್ತು. ನೀರು ಮುಟ್ಟಿಸಿ ಅರೆದು ಅವಳ ಒಸಡಿಗೆ ಉಜ್ಜಿದೆ, ಮತ್ತೆ ಮತ್ತೆ ಉಜ್ಜಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ಬಿಟ್ಟಳು. ಬಾಯಿ ತುಂಬ ಬೆಲ್ಲ ಇಟ್ಟುಕೊಂಡು ಅವಳು ಹೇಳಿದ್ದು, "ಅಮ್ಮ, ನಾನು ಬೆಲ್ಲ ತಿನ್ಲಿಲ್ಲ."

ಮರುದಿನದಿಂದ ಅವಳನ್ನು ಶಾಲೆಗೆ ಕಳಿಸಲಿಲ್ಲ.

"ಮಾಸ್ಟ್ರು ಮಗುವಿನ ಕೈಯಿಂದ ಬೆಲ್ಲ ಕಿತ್ಕೊಂಡ್ರಂತೆ" ಎಂದು ಅತ್ತೆ ಊರಿಗೆಲ್ಲ ಹೇಳಿದರು. ನಾನು ಅಲ್ಲಿಯೇ ಇದ್ದೆ. ಕಾಗದದಲ್ಲಿ ಏನಿತ್ತು, ಏನಿರಲಿಲ್ಲ ಎಂದು ಹೇಳಲಿಲ್ಲ. ಮಾಸ್ಟ್ರು ಎರಡು ಸಲ ಅಂಗಳಕ್ಕೆ ಬಂದರು. ಜಗಲಿಗೆ ಹತ್ತಲಿಲ್ಲ.

"ಕಳಿಸಿ ಅಕ್ಕ. ಇನ್ನು ಹಾಗೆ ಆಗುವುದಿಲ್ಲ. ನಾನು ನೋಡಿಕೊಳ್ತೇನೆ."

"ನೋಡಿಕೊಂಡದ್ದು ಸಾಕು ಮಾಸ್ಟ್ರೇ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದೇ.

ಶಾಲೆಯ ಗಂಟೆ ನಮ್ಮ ಮನೆಗೆ ಕೇಳುತ್ತದೆ. ಬೆಳಿಗ್ಗೆ ಅದು ಹೊಡೆದಾಗ ಅವಳು ಸ್ಲೇಟು ಹಿಡಿದು ಮೆಟ್ಟಿಲಲ್ಲಿ ಕೂರುವಳು. ಕೋಳಿಗಳಿಗೆ ಮಗ್ಗಿ ಹೇಳಿಕೊಡುವಳು. "ಇವಕ್ಕೆ ಎಂತದೂ ತಲೆಗೆ ಹೋಗುದಿಲ್ಲ ಅಮ್ಮ. ನಾನು ಯಾವಾಗ ಹೋಗುದು?" ಎಂದು ಕೇಳುವಳು. "ಗಟ್ಟಿಯಾಗು, ಮತ್ತೆ" ಎನ್ನುತ್ತಿದ್ದೆ. ಮೊದಮೊದಲು ದಿನಾ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಹಟ ಮಾಡಿದ್ದರೆ ಕಳಿಸುತ್ತಿದ್ದೆನೋ ಏನೋ.

ಬಿಡದೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಜ್ವರ ಬಂತು. ಮೂರನೆಯ ದಿನ ನೀಲಿ ನೀರು ಎಷ್ಟು ಸಲ ಬಿಸಿ ಮಾಡಿದರೂ ಮುರಕಲ್ಲಿನ ಬಣ್ಣವೇ. ಮದ್ದು ಹೆಚ್ಚು ಹಾಕಿದೆ. ಮಂಗಳೂರಿಗೆ ಕರೆದುಕೊಂಡು ಹೋಗಲು ಗಂಡ ವಾಹನ ತರಿಸುವಷ್ಟರಲ್ಲಿ ಅವಳ ಉಸಿರು ಬದಲಾಗಿತ್ತು. ನನ್ನ ಕಣ್ಣೆದುರು ಇರಲಿ ಎಂದು ಮನೆಯಲ್ಲಿ ಇಟ್ಟುಕೊಂಡವಳು, ನನ್ನ ಕಣ್ಣೆದುರೇ ಹೋದಳು.

ಹದಿಮೂರನೆಯ ದಿನ ಕಳೆದ ಮೇಲೆ ಮಾಸ್ಟ್ರು ಬಂದರು. ಈ ಸಲ ಜಗಲಿಗೆ ಹತ್ತಿದರು. ಕಿಸೆಯಿಂದ ನನ್ನ ಕಾಗದ ತೆಗೆದು ಚಾಪೆಯ ಮೇಲಿಟ್ಟರು. ನನ್ನ ಒಂದು ಸಾಲಿನ ಕೆಳಗೆ ಅವರ ಅಕ್ಷರದಲ್ಲಿ ಮೂರು ಸಾಲು ಇತ್ತು. "ಬೆವರಿದರೆ ಬೆಲ್ಲ ಕೊಡಬೇಕು. ನಡುಗಿದರೆ ಬೆಲ್ಲ ಕೊಡಬೇಕು. ಮಗ್ಗಿ ತಪ್ಪಿದರೆ, ಇವಳು ತಪ್ಪುವವಳಲ್ಲ, ಕೂಡಲೇ ಬೆಲ್ಲ ಕೊಡಬೇಕು."

"ಆ ದಿನ ಆದ ಮೇಲೆ ಕೇಳಿ ತಿಳಿದು ಬರೆದದ್ದು. ಕ್ಲಾಸಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ ಅಕ್ಕ. ಅವಳು ತಿರುಗಿ ಬಂದರೆ ಎಲ್ಲರಿಗೂ ತಿಳಿದಿರಲಿ ಅಂತ. ಡ್ರಾಯರಿನಲ್ಲಿ ಬೆಲ್ಲದ ಡಬ್ಬಿಯೂ ಉಂಟು. ಇರುವೆ ಬರ್ತದೆ, ಆಗಾಗ ಬದಲಿಸ್ತಿದ್ದೆ."

ನಾನು ಒಳಗೆ ಹೋದೆ. ಅಕ್ಕಿಯ ಮಡಕೆಯೊಳಗೆ ಅಡಗಿಸಿಟ್ಟಿದ್ದ ಬೆಲ್ಲ ತೆಗೆದೆ. ಒಂದು ತುಂಡು, ಒಂದು ಚೆಂಬು ನೀರು ತಂದು ಅವರ ಮುಂದಿಟ್ಟೆ. ಆಮೇಲೆ ಹೇಳಿದೆ.

"ಡಾಕ್ಟ್ರು ಎರಡೂ ಹೇಳಿದ್ರು ಮಾಸ್ಟ್ರೇ. ನಾನು ಒಂದೇ ಬರೆದದ್ದು. ಗೊತ್ತಿದ್ದೇ ಬಿಟ್ಟದ್ದು."

ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು.

"ಕಾಗದ ಸಣ್ಣದಿತ್ತಲ್ಲ ಅಕ್ಕ" ಎಂದರು.

ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದು, ಎರಡನೆಯ ಗಂಟೆ ಹೊಡೆಯುವ ಮೊದಲು ಶಾಲೆಗೆ ಮುಟ್ಟಬೇಕೆಂದು ಗದ್ದೆಯ ಬದುವಿನಲ್ಲಿ ನಡೆದುಹೋದರು. ಕಾಗದ ನನ್ನಲ್ಲಿಯೇ ಇದೆ. ಅವರ ಮೂರು ಸಾಲಿನ ಕೆಳಗೆ ಇನ್ನೂ ಜಾಗವಿದೆ.